ಕಂಟೇನರ್ ಒಳಗೆ ನೆಟ್ ಬಾರದಿದ್ದರೆ, ಹೆಸರು ಸಿಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳ ಸ್ಟಾಕ್, ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವವರು, ಬಾಗಲಕೋಟೆಯ ನವನಗರದಲ್ಲಿ ಕೂತು ಇಳಕಲ್ ಸೀರೆಯ ಆನ್‌ಲೈನ್ ಅಂಗಡಿ ನಡೆಸುವವರು, ವಿಜಯಪುರದ ಹಾಸ್ಟೆಲ್‌ಗಳಲ್ಲಿ ವಿಟಿಯು ಕೊನೇ ವರ್ಷದ ಪ್ರಾಜೆಕ್ಟ್ ಮುಗಿಸಲು ಒದ್ದಾಡುತ್ತಿರುವವರು, ಎಲ್ಲರೂ ಕೇಳುವುದು ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು. ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕಂಟೇನರ್ ಎಂದರೆ ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದ ಕಡತಗಳ ಜೊತೆ ಪ್ರತ್ಯೇಕವಾಗಿ ಓಡಿಸುವ ಗೂಡು, ಅದು ಓಡುವ ಮಷಿನ್ನೇ ಹೋಸ್ಟ್. ಡಾಕರ್, ಎಲ್‌ಎಕ್ಸ್‌ಸಿ, ಎಲ್‌ಎಕ್ಸ್‌ಡಿ, ಇಂಕಸ್, ಪಾಡ್‌ಮನ್ ಇವೆಲ್ಲ ಕಂಟೇನರ್ ನಡೆಸುವ ಸಾಫ್ಟ್‌ವೇರ್‌ಗಳು. ಬಹಳ ಸಲ ತೊಂದರೆ ಇರುವುದು ಒಂದು ಕಡೆ, ಕೈ ಹಾಕುವುದು ಇನ್ನೊಂದು ಕಡೆ. ಪ್ಯಾಕೆಟ್ ಎಲ್ಲಿ ನಿಂತಿತು ಎಂದು ನೋಡುವ ಮೊದಲೇ ಡಿಎನ್‌ಎಸ್ (ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ಹೇಳುವ ವ್ಯವಸ್ಥೆ) ಬದಲಿಸುತ್ತಾರೆ, ಆಗದಿದ್ದರೆ ಫೈರ್‌ವಾಲ್ ಆಫ್ ಮಾಡುತ್ತಾರೆ, ಅದೂ ಆಗದಿದ್ದರೆ ಉಬುಂಟುವನ್ನೇ ಹೊಸದಾಗಿ ಹಾಕುತ್ತಾರೆ. ಅಷ್ಟು ದೂರ ಹೋಗುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಕಮಾಂಡ್‌ಗಳನ್ನು ಬಾಯಲ್ಲಿ ಓದುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

ಹೋಸ್ಟ್‌ನ್ಯಾಗ ನೆಟ್ ಚಲೋ ಐತ್ರಿ, ಕಂಟೇನರ್ ಒಳಗ ಬರವಲ್ದು. ಎಲ್ಲಿಂದ ಶುರು ಮಾಡ್ಬೇಕು?

ಕಂಟೇನರ್ ಒಳಗೆ ಹೋಗಿ ಮೂರು ಸಂಗತಿ ನೋಡಿ, ಇದೇ ಕ್ರಮದಲ್ಲಿ. ಅಡ್ರೆಸ್ ಇದೆಯೇ, ದಾರಿ ಇದೆಯೇ, ಹೆಸರು ಸಿಗುತ್ತದೆಯೇ.

‘ಐಪಿ ಅಡ್ರ್’ ಹೊಡೆದರೆ ಅಡ್ರೆಸ್ ಕಾಣುತ್ತದೆ. ಡಾಕರ್‌ನ ಡೀಫಾಲ್ಟ್ ಬ್ರಿಡ್ಜ್ (ಕಂಟೇನರ್‌ಗಳನ್ನು ಜೋಡಿಸುವ ವರ್ಚುವಲ್ ಸ್ವಿಚ್) ಆದರೆ 172.17 ರಿಂದ ಶುರುವಾಗುವ ನಂಬರ್, ಎಲ್‌ಎಕ್ಸ್‌ಸಿ ಆದರೆ ಸಾಮಾನ್ಯವಾಗಿ 10.0.3 ರಿಂದ ಶುರುವಾಗುವುದು. ‘ಐಪಿ ರೂಟ್’ ಹೊಡೆದರೆ ‘ಡೀಫಾಲ್ಟ್ ವಯಾ 172.17.0.1’ ಎನ್ನುವಂಥ ಒಂದು ಸಾಲು ಇರಲೇಬೇಕು. ಆ ನಂಬರೇ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು. ಅದಕ್ಕೆ ಪಿಂಗ್ ಮಾಡಿ, ಆಮೇಲೆ 1.1.1.1 ಕ್ಕೆ ಪಿಂಗ್ ಮಾಡಿ. ಕೆಲವು ಕ್ಯಾಂಪಸ್‌ಗಳಲ್ಲಿ ಪಿಂಗನ್ನೇ ತಡೆದಿರುತ್ತಾರೆ, ಆದ್ದರಿಂದ ಪಿಂಗ್ ಹೋಗದ ಮಾತ್ರಕ್ಕೆ ನೆಟ್ ಇಲ್ಲ ಎನ್ನಬೇಡಿ. ಅಲ್ಲಿ ‘ಕರ್ಲ್’ ಬಳಸಿ 1.1.1.1 ರ ಎಚ್‌ಟಿಟಿಪಿಎಸ್ ಪುಟ ತೆರೆಯುತ್ತದೆಯೇ ನೋಡಿ. ಕೊನೆಗೆ ‘ಗೆಟೆಂಟ್ ಹೋಸ್ಟ್ಸ್’ ಎಂದು ಬರೆದು ಮುಂದೆ ಯಾವುದಾದರೂ ವೆಬ್‌ಸೈಟಿನ ಹೆಸರು ಕೊಡಿ.

ನಂಬರಿಗೆ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಎಂದರೆ ಮಾತ್ರ ಅದು ಡಿಎನ್‌ಎಸ್ ತೊಂದರೆ. ನಂಬರಿಗೇ ಹೋಗದಿದ್ದರೆ ಡಿಎನ್‌ಎಸ್ ಕಡತವನ್ನು ಮುಟ್ಟಲೇಬೇಡಿ. ದಾರಿಯೇ ಇಲ್ಲದಿದ್ದಾಗ ಹೆಸರೂ ಸಿಗುವುದಿಲ್ಲ, ಪರದೆಯ ಮೇಲೆ ಮಾತ್ರ ಹೆಸರಿನ ಎರರ್ ಕಾಣಿಸುತ್ತದೆ. ಜನ ದಾರಿ ತಪ್ಪುವುದು ಇಲ್ಲೇ.

ಕಂಟೇನರ್‌ಗೆ ನೆಟ್‌ವರ್ಕ್ ಹೆಂಗ್ ಬರ್ತೈತ್ರಿ? ಒಳಗ ಏನೈತಿ?

ಲಿನಕ್ಸ್ ಕರ್ನಲ್‌ನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ವ್ಯವಸ್ಥೆ ಇದೆ. ಅದು 2008 ರ ಸುಮಾರಿಗೆ ಕರ್ನಲ್‌ಗೆ ಸೇರಿತು, ಎಲ್‌ಎಕ್ಸ್‌ಸಿ ಶುರುವಾದದ್ದೂ ಆ ವರ್ಷವೇ. ಡಾಕರ್ ಬಂದದ್ದು 2013 ರಲ್ಲಿ. ಪ್ರತಿ ಕಂಟೇನರಿಗೂ ತನ್ನದೇ ಇಂಟರ್‌ಫೇಸ್, ತನ್ನದೇ ರೂಟಿಂಗ್ ಟೇಬಲ್, ತನ್ನದೇ ಫೈರ್‌ವಾಲ್ ನಿಯಮಗಳು, ತನ್ನದೇ 127.0.0.1. ಈ ಕೊನೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಕೆಳಗಿನ ಅರ್ಧ ಉತ್ತರಗಳು ಇದರ ಮೇಲೇ ನಿಂತಿವೆ.

ಕಂಟೇನರಿನಿಂದ ಹೋಸ್ಟಿಗೆ ‘ವೆತ್’ ಎಂಬ ಎರಡು ತುದಿಯ ವರ್ಚುವಲ್ ಕೇಬಲ್. ಒಂದು ತುದಿ ಕಂಟೇನರ್ ಒಳಗೆ ‘ಇಟಿಎಚ್0’ ಆಗಿ ಕಾಣುತ್ತದೆ, ಇನ್ನೊಂದು ಹೋಸ್ಟಿನ ಬ್ರಿಡ್ಜಿಗೆ ಸೇರಿರುತ್ತದೆ. ಆ ಬ್ರಿಡ್ಜ್ ಡಾಕರ್‌ನಲ್ಲಿ ‘ಡಾಕರ್0’, ಎಲ್‌ಎಕ್ಸ್‌ಡಿಯಲ್ಲಿ ‘ಎಲ್‌ಎಕ್ಸ್‌ಡಿಬಿಆರ್0’. ಅಲ್ಲಿಂದ ಹೊರಗೆ ಹೋಗುವಾಗ ಹೋಸ್ಟ್ ತನ್ನ ಅಡ್ರೆಸ್ ಹಚ್ಚಿ ಕಳಿಸುತ್ತದೆ, ಅದಕ್ಕೆ ಎನ್‌ಎಟಿ ಎನ್ನುತ್ತೇವೆ. ಹಳೇ ವಾಡೆಯಲ್ಲಿ ನಾಲ್ಕಾರು ಮನೆತನ ಇದ್ದರೂ ಟಪಾಲು ಒಂದೇ ಬಾಗಿಲಿಗೆ ಬಂದು ಒಳಗೆ ಹಂಚಿಕೆಯಾದ ಹಾಗೆ. ಇದು ನಡೆಯಬೇಕಾದರೆ ಹೋಸ್ಟಿನಲ್ಲಿ ‘ನೆಟ್.ಐಪಿವಿ4.ಐಪಿ_ಫಾರ್ವರ್ಡ್’ 1 ಇರಬೇಕು. ‘ಸಿಸ್‌ಸಿಟಿಎಲ್’ ಹೊಡೆದು ನೋಡಿ. ಯಾರೋ ಸೆಕ್ಯುರಿಟಿ ಸ್ಕ್ರಿಪ್ಟ್ ಓಡಿಸಿ ಅದನ್ನು 0 ಮಾಡಿದ್ದರೆ ಗೇಟ್‌ವೇವರೆಗೆ ಪಿಂಗ್ ಹೋಗುತ್ತದೆ, ಅದರಾಚೆ ಒಂದು ಹೆಜ್ಜೆಯೂ ಹೋಗುವುದಿಲ್ಲ.

‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಅಂತ ಬರ್ತೈತಿ. ಟೆಂಪರರಿ ಅಂದ್ರ ತಾನ ಸರಿ ಆಗ್ತೈತೇನ್ರಿ?

ಆಗುವುದಿಲ್ಲ. ಅದರ ಅರ್ಥ ಡಿಎನ್‌ಎಸ್ ಸರ್ವರ್‌ನಿಂದ ಸರಿಯಾದ ಉತ್ತರವೇ ಬರಲಿಲ್ಲ ಎಂದು. ‘ನೇಮ್ ಆರ್ ಸರ್ವಿಸ್ ನಾಟ್ ನೋನ್’ ಎಂದು ಬಂದರೆ ಸಾಮಾನ್ಯವಾಗಿ ಉತ್ತರ ಬಂದಿದೆ, ಆದರೆ ಅಂಥ ಹೆಸರು ಇಲ್ಲ ಎಂಬ ಉತ್ತರ. ಮೊದಲನೆಯದಕ್ಕೆ ದಾರಿ ನೋಡಬೇಕು: ಸರ್ವರಿನ ನಂಬರ್ ಸರಿ ಇದೆಯೇ, ಡಿಎನ್‌ಎಸ್ ಬಳಸುವ 53 ನೇ ಪೋರ್ಟ್ ತೆರೆದಿದೆಯೇ. ಎರಡನೆಯದಕ್ಕೆ ಹೆಸರು ನೋಡಬೇಕು: ಸ್ಪೆಲ್ಲಿಂಗ್ ಸರಿ ಇದೆಯೇ, ನೀವು ಕೇಳುತ್ತಿರುವ ಸರ್ವರಿಗೆ ಆ ಹೆಸರು ಗೊತ್ತಿರಲು ಸಾಧ್ಯವೇ. ‘ಡಿಗ್’ (ಡಿಎನ್‌ಎಸ್ ಸರ್ವರನ್ನು ನೇರ ಕೇಳುವ ಕಮಾಂಡ್) ಬಳಸುವವರಿಗೆ ಇದೇ ಭೇದ ಟೈಮ್‌ಔಟ್ ಮತ್ತು ‘ಎನ್‌ಎಕ್ಸ್‌ಡೊಮೇನ್’ ಆಗಿ ಕಾಣುತ್ತದೆ. ‘ಸರ್ವ್‌ಫೇಲ್’ ಬಂದರೆ ಸರ್ವರ್ ಸಿಕ್ಕಿದೆ, ಅದಕ್ಕೇ ಮುಂದೆ ಉತ್ತರ ಹುಡುಕಲು ಆಗಿಲ್ಲ.

ಎರರ್ ಸಾಲನ್ನು ಪೂರ್ತಿ ಓದಿ. ‘ಏನೋ ಡಿಎನ್‌ಎಸ್ ಎರರ್’ ಎಂದಷ್ಟೇ ಹೇಳಿದರೆ ಯಾರಿಗೂ ಸಹಾಯ ಮಾಡಲು ಬರುವುದಿಲ್ಲ.

ಹಾಸ್ಟೆಲ್ ವೈಫೈದಾಗ ಹೆಸರು ಸಿಗವಲ್ದು, ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದ್ರ ಎಲ್ಲಾ ನಡೀತೈತಿ. ಇದೇನ್ರಿ ಮತ್ತ?

ವಿದ್ಯಾರ್ಥಿಗಳಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರವೂ ಸ್ವಲ್ಪ ಉದ್ದ.

ಡೀಫಾಲ್ಟ್ ಬ್ರಿಡ್ಜಿನ ಮೇಲೆ ಓಡುವ ಕಂಟೇನರಿಗೆ ಡಾಕರ್ ಹೋಸ್ಟಿನ ‘/ಇಟಿಸಿ/ರಿಸಾಲ್ವ್.ಕಾನ್ಫ್’ ಕಡತದ ನಕಲು ಕೊಡುತ್ತದೆ. ಆದರೆ ಹಾಗೇ ಕೊಡುವುದಿಲ್ಲ. 127 ರಿಂದ ಶುರುವಾಗುವ ಅಡ್ರೆಸ್‌ಗಳನ್ನು ತೆಗೆದುಹಾಕುತ್ತದೆ, ಏಕೆಂದರೆ ಕಂಟೇನರ್ ಒಳಗೆ 127.0.0.1 ಎಂದರೆ ಕಂಟೇನರೇ, ಹೋಸ್ಟ್ ಅಲ್ಲ. ತೆಗೆದ ಮೇಲೆ ಏನೂ ಉಳಿಯದಿದ್ದರೆ ಗೂಗಲ್‌ನ 8.8.8.8 ಮತ್ತು 8.8.4.4 ಬರೆದುಬಿಡುತ್ತದೆ.

ಉಬುಂಟುವಿನಲ್ಲಿ ‘ಸಿಸ್ಟಂಡಿ-ರಿಸಾಲ್ವ್ಡ್’ ಎಂಬ ರಿಸಾಲ್ವರ್ (ಹೆಸರು ಹುಡುಕಿಕೊಡುವ ಪ್ರೋಗ್ರಾಂ) ಇರುವುದರಿಂದ ಹೋಸ್ಟಿನ ಆ ಕಡತದಲ್ಲಿ 127.0.0.53 ಮಾತ್ರ ಇರುತ್ತದೆ. ಇದನ್ನು ಡಾಕರ್ ಗುರುತಿಸುತ್ತದೆ, ನಿಜವಾದ ಸರ್ವರ್‌ಗಳಿರುವ ‘/ರನ್/ಸಿಸ್ಟಂಡಿ/ರಿಸಾಲ್ವ್/ರಿಸಾಲ್ವ್.ಕಾನ್ಫ್’ ಅನ್ನು ಬಳಸುತ್ತದೆ. ಆದರೆ ಬೇರೆ ಯಾವುದೋ ಸ್ಥಳೀಯ ರಿಸಾಲ್ವರ್ 127.0.0.1 ಅಥವಾ 127.0.1.1 ರಲ್ಲಿ ಕೂತಿದ್ದರೆ, ಉದಾಹರಣೆಗೆ ‘ಡಿಎನ್‌ಎಸ್‌ಮ್ಯಾಸ್ಕ್’, ಆಗ ಅದನ್ನು ತೆಗೆದು 8.8.8.8 ಹಾಕುತ್ತದೆ. ಮನೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಎಲ್ಲಾ ನಡೆಯುತ್ತದೆ. ಕ್ಯಾಂಪಸ್ ಫೈರ್‌ವಾಲ್ ಮಾತ್ರ ಬಹಳ ಕಡೆ ತನ್ನದೇ ಡಿಎನ್‌ಎಸ್ ಬಿಟ್ಟು ಹೊರಗಿನ 53 ನೇ ಪೋರ್ಟಿಗೆ ಹೋಗುವ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸುತ್ತದೆ. ಹೋಸ್ಟ್ ಕ್ಯಾಂಪಸ್ ಡಿಎನ್‌ಎಸ್ ಕೇಳುತ್ತದೆ, ಉತ್ತರ ಸಿಗುತ್ತದೆ. ಕಂಟೇನರ್ 8.8.8.8 ಕೇಳುತ್ತದೆ, ಸಿಗುವುದಿಲ್ಲ. ಹಾಟ್‌ಸ್ಪಾಟ್‌ನಲ್ಲಿ ಆ ತಡೆ ಇಲ್ಲ.

ಖಚಿತ ಮಾಡಿಕೊಳ್ಳುವುದು ಹೀಗೆ. ಕಂಟೇನರ್ ಒಳಗೆ ‘ಕ್ಯಾಟ್ /ಇಟಿಸಿ/ರಿಸಾಲ್ವ್.ಕಾನ್ಫ್’ ಹೊಡೆದು ಯಾವ ನಂಬರ್ ಇದೆ ನೋಡಿ. ಹೋಸ್ಟಿನಲ್ಲಿ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಹೊಡೆದು (ಅಥವಾ ‘ಎನ್‌ಎಂಸಿಎಲ್‌ಐ ಡಿವೈಸ್ ಶೋ’) ವೈಫೈ ಕೊಟ್ಟ ಡಿಎನ್‌ಎಸ್ ನಂಬರ್ ಗುರುತು ಹಾಕಿಕೊಳ್ಳಿ. ಎರಡೂ ಬೇರೆಯಾದರೆ ‘ಡಾಕರ್ ರನ್ --ಡಿಎನ್‌ಎಸ್’ ಎಂದು ಬರೆದು ವೈಫೈ ಕೊಟ್ಟ ನಂಬರ್ ಹಾಕಿ ಒಂದು ಕಂಟೇನರ್ ಓಡಿಸಿ. ಹೆಸರು ಸಿಕ್ಕರೆ ರೋಗ ಗೊತ್ತಾಯಿತು. ಶಾಶ್ವತವಾಗಿ ಬೇಕಾದರೆ ‘/ಇಟಿಸಿ/ಡಾಕರ್/ಡೀಮನ್.ಜೇಸನ್’ ಕಡತದಲ್ಲಿ ‘ಡಿಎನ್‌ಎಸ್’ ಎಂಬ ಕೀ ಕೊಟ್ಟು ಡಾಕರ್ ರೀಸ್ಟಾರ್ಟ್ ಮಾಡಿ. ಒಂದು ಕಾಮಾ ಹೆಚ್ಚು ಕಡಿಮೆಯಾದರೂ ಡಾಕರ್ ಶುರುವೇ ಆಗುವುದಿಲ್ಲ, ಆಗ ‘ಜರ್ನಲ್‌ಸಿಟಿಎಲ್ -ಯು ಡಾಕರ್’ ನೋಡಿ.

ಎಲ್‌ಎಕ್ಸ್‌ಡಿ ಅಥವಾ ಇಂಕಸ್ ಕಂಟೇನರ್ ಒಳಗೆ 127.0.0.53 ಕಂಡರೆ ಗಾಬರಿ ಬೇಡ. ಅಲ್ಲಿ ಪೂರ್ತಿ ಉಬುಂಟು ಓಡುತ್ತಿರುತ್ತದೆ, ಅದರೊಳಗೇ ಒಂದು ರಿಸಾಲ್ವ್ಡ್ ಇರುತ್ತದೆ, ಆದ್ದರಿಂದ ಅದು ಸರಿಯಾದ ಅಡ್ರೆಸ್ಸೇ.

8.8.8.8 ಹಾಕಿಬಿಟ್ರ ಮುಗೀತಲ್ರಿ? ಎಲ್ಲಾರೂ ಅದನ್ನ ಹೇಳ್ತಾರ.

ಹೇಳುತ್ತಾರೆ. ನಾನು ಹೇಳುವುದಿಲ್ಲ. ಮೇಲಿನ ಉತ್ತರದಲ್ಲಿ ತೊಂದರೆಯ ಮೂಲವೇ ಆ ನಂಬರ್ ಎಂದು ನೋಡಿದಿರಿ. ಎರಡನೆಯದು, ಫೌಂಡ್ರಿಯ ಆಫೀಸಿನಲ್ಲಿ ಟ್ಯಾಲಿ ಸರ್ವರ್, ಪ್ರಿಂಟರ್, ಎನ್‌ಎಎಸ್ (ಎಲ್ಲರೂ ಹಂಚಿಕೊಳ್ಳುವ ಕಡತಗಳ ಸ್ಟೋರೇಜ್) ಇವಕ್ಕೆಲ್ಲ ಒಳಗಿನ ಹೆಸರುಗಳಿರುತ್ತವೆ. ಅವು ಆಫೀಸಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತು, ಗೂಗಲ್‌ಗೆ ಗೊತ್ತಿಲ್ಲ. 8.8.8.8 ಹಾಕಿದ ಕೂಡಲೇ ಹೊರಗಿನದು ತೆರೆಯುತ್ತದೆ, ಒಳಗಿನದು ಮುಚ್ಚುತ್ತದೆ. ಒಳಗಿನದು ಮುಚ್ಚಿದ್ದು ತಿಂಗಳ ಕೊನೆಗೆ ರಿಪೋರ್ಟ್ ತೆಗೆಯುವಾಗ ಗೊತ್ತಾಗುತ್ತದೆ.

‘ಮೊದಲು ಆಫೀಸಿಂದು, ಎರಡನೇದು 8.8.8.8 ಹಾಕ್ತೀನಿ’ ಎನ್ನುವವರೂ ಇದ್ದಾರೆ. ಡೆಬಿಯನ್, ಉಬುಂಟುಗಳ ಜಿಲಿಬ್‌ಸಿ ಲೈಬ್ರರಿ (ಪ್ರೋಗ್ರಾಂಗಳ ಪರವಾಗಿ ಹೆಸರು ಕೇಳುವುದು ಇದೇ) ಕ್ರಮವಾಗಿ ಕೇಳುತ್ತದೆ: ಮೊದಲನೆಯದು ಉತ್ತರ ಕೊಡದಿದ್ದರೆ ಮಾತ್ರ ಎರಡನೆಯದು. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಇಮೇಜಿನಲ್ಲಿರುವ (ಇಮೇಜ್ ಎಂದರೆ ಕಂಟೇನರ್ ಮಾಡುವ ಅಚ್ಚು) ಮಸಲ್ ಲೈಬ್ರರಿ ಎಲ್ಲ ಸರ್ವರ್‌ಗಳನ್ನೂ ಒಟ್ಟಿಗೇ ಕೇಳಿ ಮೊದಲು ಬಂದ ಉತ್ತರ ಹಿಡಿಯುತ್ತದೆ. ‘ಅಂಥ ಹೆಸರಿಲ್ಲ’ ಎಂದು ಗೂಗಲ್ ಮೊದಲು ಹೇಳಿದರೆ ಅದೇ ಕೊನೆಯ ಮಾತು. ಅದಕ್ಕೇ ಒಳಗಿನ ಹೆಸರು ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿ ಸರ್ವರ್ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡುವಂತಿರಬೇಕು.

ವೆಬ್ ಕಂಟೇನರ್‌ಗೆ ಡೇಟಾಬೇಸ್ ಕಂಟೇನರ್ ಹೆಸರು ತಿಳಿಯವಲ್ದು. ಎರಡೂ ಓಡಾಕತ್ತಾವು.

ಡೀಫಾಲ್ಟ್ ಬ್ರಿಡ್ಜಿನಲ್ಲಿ ಕಂಟೇನರ್‌ಗಳು ಒಂದನ್ನೊಂದು ಹೆಸರಿನಿಂದ ಗುರುತಿಸುವುದಿಲ್ಲ. ‘ಡಾಕರ್ ನೆಟ್‌ವರ್ಕ್ ಕ್ರಿಯೇಟ್’ ಹೊಡೆದು ನಿಮ್ಮದೇ ನೆಟ್‌ವರ್ಕ್ ಮಾಡಿ, ಎರಡನ್ನೂ ಅದಕ್ಕೆ ಸೇರಿಸಿ. ಆಗ ಒಳಗಿನ ರಿಸಾಲ್ವ್.ಕಾನ್ಫ್‌ನಲ್ಲಿ 127.0.0.11 ಕಾಣುತ್ತದೆ. ಅದು ಡಾಕರ್‌ನ ಸ್ವಂತ ಡಿಎನ್‌ಎಸ್. ಅಕ್ಕಪಕ್ಕದ ಕಂಟೇನರ್‌ಗಳ ಹೆಸರು ತಾನೇ ಹೇಳುತ್ತದೆ, ಉಳಿದದ್ದನ್ನು ಹೊರಗೆ ಕೇಳಿ ತರುತ್ತದೆ. ಕಂಪೋಸ್ (ಹಲವು ಕಂಟೇನರ್‌ಗಳನ್ನು ಒಂದೇ ಕಡತದಿಂದ ಓಡಿಸುವ ಡಾಕರ್ ಸಲಕರಣೆ) ಬಳಸಿದರೆ ಈ ನೆಟ್‌ವರ್ಕ್ ತಾನಾಗಿಯೇ ಆಗುತ್ತದೆ. ಅಲ್ಲಿ ಸರ್ವಿಸ್ ಹೆಸರೇ ಹೋಸ್ಟ್ ಹೆಸರು.

ಇಲ್ಲಿ ಕಾಣುವ ಇನ್ನೊಂದು ತಪ್ಪು ಕಾನ್ಫಿಗ್‌ನಲ್ಲಿ ‘ಲೋಕಲ್‌ಹೋಸ್ಟ್’ ಬರೆಯುವುದು. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಒಂದೇ ಕಡೆ ಓಡುತ್ತಿದ್ದಾಗ ಅದು ನಡೆಯುತ್ತಿತ್ತು. ಸೀರೆ ಅಂಗಡಿಯ ವೆಬ್ ಕಂಟೇನರ್ ತನ್ನ ಲೋಕಲ್‌ಹೋಸ್ಟಿನ 5432 ನೇ ಪೋರ್ಟಿನಲ್ಲಿ ಪೋಸ್ಟ್‌ಗ್ರೆಸ್ ಹುಡುಕುತ್ತದೆ, ಅಲ್ಲಿ ಯಾರೂ ಇಲ್ಲ, ‘ಕನೆಕ್ಷನ್ ರಿಫ್ಯೂಸ್ಡ್’ ಬರುತ್ತದೆ. ಡೇಟಾಬೇಸ್ ಹೋಸ್ಟಿನಲ್ಲೇ ಇದ್ದರೆ ‘ಹೋಸ್ಟ್.ಡಾಕರ್.ಇಂಟರ್ನಲ್’ ಹೆಸರು ಬಳಸಿ. ಲಿನಕ್ಸ್‌ನಲ್ಲಿ ಅದು ತಾನಾಗಿ ಬರುವುದಿಲ್ಲ, ‘--ಆಡ್-ಹೋಸ್ಟ್’ ಜೊತೆ ‘ಹೋಸ್ಟ್-ಗೇಟ್‌ವೇ’ ಕೊಡಬೇಕು.

ಪಿಂಗ್ ಹೋಗ್ತೈತಿ, ಹೆಸರು ಸಿಗ್ತೈತಿ. ಆದ್ರ ದೊಡ್ಡ ಫೈಲ್ ಇಳಿಸಾಕ ಹೋದ್ರ, ಗಿಟ್ ಕ್ಲೋನ್ ಮಾಡಾಕ ಹೋದ್ರ ನಿಂತ ಬಿಡ್ತೈತಿ.

ಇದು ಎಂಟಿಯು ತೊಂದರೆ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯೇ ಎಂಟಿಯು. ಸಾಮಾನ್ಯ ಈಥರ್ನೆಟ್‌ನಲ್ಲಿ 1500 ಬೈಟ್. ಮನೆಯ ಫೈಬರ್ ಪಿಪಿಪಿಒಇ (ಲಾಗಿನ್ ಕೊಟ್ಟು ಸೇರುವ ವಿಧಾನ) ಮೇಲೆ ಬಂದರೆ ಅದರ ಹೆಡರ್ 8 ಬೈಟ್ ತಿಂದು 1492 ಉಳಿಯುತ್ತದೆ. ವೈರ್‌ಗಾರ್ಡ್ ವಿಪಿಎನ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ.

ಹೋಸ್ಟಿನಲ್ಲಿ ಎಲ್ಲಾ ಸರಿ, ಕಂಟೇನರಿನಲ್ಲಿ ಮಾತ್ರ ಯಾಕೆ ನಿಲ್ಲುತ್ತದೆ? ಬಾಗಲಕೋಟೆಯಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ವಿಪಿಎನ್ ಮೂಲಕ ಕೆಲಸ ಮಾಡುವವರ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಹೋಸ್ಟಿನ ಪ್ರೋಗ್ರಾಂಗೆ ತಾನು ಹೊರಡುವ ಇಂಟರ್‌ಫೇಸಿನ ಎಂಟಿಯು 1420 ಎಂದು ಗೊತ್ತಿರುತ್ತದೆ, ಅಷ್ಟೇ ದೊಡ್ಡ ತುಂಡು ಮಾಡುತ್ತದೆ, ಎದುರಿನವರಿಗೂ ಅಷ್ಟೇ ಕಳಿಸಿ ಎನ್ನುತ್ತದೆ. ಕಂಟೇನರಿಗೆ ಕಾಣುವುದು ಅದರ ಇಟಿಎಚ್0 ಮಾತ್ರ, ಅದರ ಮೇಲೆ 1500 ಬರೆದಿದೆ. ಅದು 1500 ರ ಲೆಕ್ಕದಲ್ಲೇ ಮಾತು ಶುರು ಮಾಡುತ್ತದೆ. ದಾರಿಯಲ್ಲಿ ಹಿಡಿಯದ ಪ್ಯಾಕೆಟ್‌ಗೆ ‘ಸಣ್ಣದು ಮಾಡಿ ಕಳಿಸು’ ಎಂಬ ಐಸಿಎಂಪಿ ಸಂದೇಶ ವಾಪಸ್ ಬರಬೇಕು. ನಡುವೆ ಯಾರೋ ಆ ಸಂದೇಶವನ್ನೇ ತಡೆದಿದ್ದರೆ ಅದೂ ಬರುವುದಿಲ್ಲ. ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ಆದ್ದರಿಂದ ಪಿಂಗ್, ಡಿಎನ್‌ಎಸ್ ಎರಡೂ ಸರಿ ಕಾಣುತ್ತವೆ. ಎಚ್‌ಟಿಟಿಪಿಎಸ್‌ನ ಸರ್ಟಿಫಿಕೇಟ್ ಬರುವ ಹೊತ್ತಿಗೆ ಪ್ಯಾಕೆಟ್ ದೊಡ್ಡದಾಗಿ ಅಲ್ಲೇ ನಿಲ್ಲುತ್ತದೆ.

ಪರೀಕ್ಷೆ: ‘ಪಿಂಗ್ -ಎಂ ಡು -ಎಸ್ 1472’ (ಎಂ ದೊಡ್ಡಕ್ಷರ, ಎಸ್ ಸಣ್ಣಕ್ಷರ) ಎಂದು ಬರೆದು ಮುಂದೆ ಹೊರಗಿನ ಅಡ್ರೆಸ್ ಕೊಡಿ. 1472 ಕ್ಕೆ 28 ಬೈಟ್ ಹೆಡರ್ ಸೇರಿ 1500. ಇದು ಹೋಗದೆ 1464 ಹೋದರೆ ದಾರಿಯ ಎಂಟಿಯು 1492. 1392 ಹೋಗಿ 1393 ನಿಂತರೆ 1420. ಆಲ್ಪೈನ್‌ನ ಬಿಸಿಬಾಕ್ಸ್ ಪಿಂಗ್‌ನ ಆಪ್ಷನ್‌ಗಳು ಬೇರೆ, ಆದ್ದರಿಂದ ಡೆಬಿಯನ್ ಇಮೇಜ್‌ನಿಂದ ಪರೀಕ್ಷಿಸಿ.

ಪರಿಹಾರ: ಡೀಫಾಲ್ಟ್ ಬ್ರಿಡ್ಜಿಗೆ ಡೀಮನ್.ಜೇಸನ್‌ನಲ್ಲಿ ‘ಎಂಟಿಯು’ ಕೀ. ನೀವೇ ಮಾಡಿದ ನೆಟ್‌ವರ್ಕ್‌ಗಳಿಗೆ ಅದು ತಗಲುವುದಿಲ್ಲ, ಅವನ್ನು ಮಾಡುವಾಗಲೇ ‘ಕಾಮ್.ಡಾಕರ್.ನೆಟ್‌ವರ್ಕ್.ಡ್ರೈವರ್.ಎಂಟಿಯು’ ಆಪ್ಷನ್ ಕೊಡಬೇಕು. ಎಲ್‌ಎಕ್ಸ್‌ಡಿಯಲ್ಲಿ ಬ್ರಿಡ್ಜಿನ ‘ಬ್ರಿಡ್ಜ್.ಎಂಟಿಯು’. ಡೀಮನ್ ಕಡತ ಬದಲಿಸಿ ಕಂಪೋಸ್ ನೆಟ್‌ವರ್ಕ್ ಹಾಗೇ ಬಿಟ್ಟು ‘ಆಗಲಿಲ್ಲ’ ಎನ್ನುವವರು ಬಹಳ ಜನ.

ಒಂದ ಮಷಿನ್‌ದಾಗ ಎಲ್‌ಎಕ್ಸ್‌ಡಿ ನಡೀತಿತ್ತು. ಡಾಕರ್ ಹಾಕಿದ ಮ್ಯಾಲೆ ಅದರ ಕಂಟೇನರ್‌ಗಳಿಗೆ ನೆಟ್ ಹೋತು.

ಡಾಕರ್ ಶುರುವಾಗುವಾಗ ಐಪಿ ಫಾರ್ವರ್ಡಿಂಗ್ ತಾನೇ ಆನ್ ಮಾಡಬೇಕಾಗಿ ಬಂದರೆ, ಅದರ ಜೊತೆ ಫೈರ್‌ವಾಲಿನ ಫಾರ್ವರ್ಡ್ ಪಾಲಿಸಿಯನ್ನು ‘ಡ್ರಾಪ್’ ಮಾಡುತ್ತದೆ. ತನ್ನ ಕಂಟೇನರ್‌ಗಳಿಗೆ ದಾರಿ ಬಿಟ್ಟುಕೊಳ್ಳುತ್ತದೆ, ಎಲ್‌ಎಕ್ಸ್‌ಡಿಯದ್ದು ನಿಲ್ಲುತ್ತದೆ. ‘ಡಾಕರ್-ಯೂಸರ್’ ಎಂಬ ಚೈನ್ (ಫೈರ್‌ವಾಲ್ ನಿಯಮಗಳ ಸರಣಿ) ಇರುವುದೇ ಇಂಥದ್ದಕ್ಕೆ: ಎಲ್‌ಎಕ್ಸ್‌ಡಿಬಿಆರ್0 ಯಿಂದ ಒಳಬರುವುದನ್ನು ದಾಟಲು ಬಿಡಿ, ಅದರ ಕಡೆ ಹೋಗುವುದರಲ್ಲಿ ‘ರಿಲೇಟೆಡ್, ಎಸ್ಟಾಬ್ಲಿಷ್ಡ್’ ಸ್ಥಿತಿಯದ್ದನ್ನು ದಾಟಲು ಬಿಡಿ, ಎರಡು ನಿಯಮ ಸಾಕು.

ಅಡ್ರೆಸ್ಸೇ ಬರದಿದ್ದರೆ ಕಥೆ ಬೇರೆ. ‘ಎಲ್‌ಎಕ್ಸ್‌ಸಿ ಲಿಸ್ಟ್’ನಲ್ಲಿ ಐಪಿವಿ4 ಕಾಲಂ ಖಾಲಿ ಇದ್ದರೆ ಅಡ್ರೆಸ್ ಹಂಚುವ ಡಿಎಚ್‌ಸಿಪಿಯೇ ತಲುಪಿಲ್ಲ, ಹೆಚ್ಚಾಗಿ ಉಬುಂಟುವಿನ ಫೈರ್‌ವಾಲ್ ಸಲಕರಣೆ ಯುಎಫ್‌ಡಬ್ಲ್ಯೂ ತಡೆದಿರುತ್ತದೆ. ‘ಯುಎಫ್‌ಡಬ್ಲ್ಯೂ ಅಲೌ ಇನ್ ಆನ್ ಎಲ್‌ಎಕ್ಸ್‌ಡಿಬಿಆರ್0’ ಹೊಡೆದರೆ ಅಡ್ರೆಸ್ಸೂ ಡಿಎನ್‌ಎಸ್ಸೂ ಬರುತ್ತವೆ, ಹೊರದಾರಿಗೆ ‘ಯುಎಫ್‌ಡಬ್ಲ್ಯೂ ರೂಟ್ ಅಲೌ’ ಬೇರೆ ಬೇಕು. ಯಾರೋ ಹೇಳಿದರೆಂದು ‘ಐಪಿಟೇಬಲ್ಸ್ -ಎಫ್’ ಮಾತ್ರ ಹೊಡೆಯಬೇಡಿ. ಡಾಕರ್ ಬರೆದ ನಿಯಮಗಳೂ ಅಳಿಸಿಹೋಗುತ್ತವೆ. ಈಗಾಗಲೇ ಹೊಡೆದಿದ್ದರೆ ಡಾಕರ್ ರೀಸ್ಟಾರ್ಟ್ ಮಾಡಿ, ಅದು ಮತ್ತೆ ಬರೆದುಕೊಳ್ಳುತ್ತದೆ.

ಎಲ್‌ಎಕ್ಸ್‌ಡಿ ಕಂಟೇನರ್ ಹೆಸರು ಒಳಗ ಸಿಗ್ತೈತಿ, ಹೋಸ್ಟ್‌ನಿಂದ ಸಿಗವಲ್ದು.

ಬ್ರಿಡ್ಜಿನ ಡಿಎನ್‌ಎಸ್‌ಗೆ ‘.ಎಲ್‌ಎಕ್ಸ್‌ಡಿ’ ಹೆಸರುಗಳು ಗೊತ್ತು, ಹೋಸ್ಟಿಗೆ ಅದನ್ನು ಕೇಳಬೇಕೆಂದು ಗೊತ್ತಿಲ್ಲ. ‘ರಿಸಾಲ್ವ್‌ಸಿಟಿಎಲ್ ಡಿಎನ್‌ಎಸ್ ಎಲ್‌ಎಕ್ಸ್‌ಡಿಬಿಆರ್0’ ಮುಂದೆ ಬ್ರಿಡ್ಜಿನ ಅಡ್ರೆಸ್, ‘ರಿಸಾಲ್ವ್‌ಸಿಟಿಎಲ್ ಡೊಮೇನ್ ಎಲ್‌ಎಕ್ಸ್‌ಡಿಬಿಆರ್0’ ಮುಂದೆ ‘~ಎಲ್‌ಎಕ್ಸ್‌ಡಿ’ ಕೊಡಿ. ರೀಬೂಟ್ ಆದರೆ ಇದು ಹೋಗುತ್ತದೆ, ಉಳಿಯಬೇಕಾದರೆ ಸಿಸ್ಟಂಡಿ ಯೂನಿಟ್ ಮಾಡಬೇಕು. ಇಂಕಸ್‌ನಲ್ಲಿ ‘.ಇಂಕಸ್’.

ಕಾಲೇಜ್ ಸರ್ವರ್ ಒಂದ ಸಿಗವಲ್ದು, ಉಳಿದದ್ದೆಲ್ಲಾ ಸಿಗ್ತೈತಿ.

ಅಡ್ರೆಸ್ ಡಿಕ್ಕಿ. ಡಾಕರ್ 172.17 ರಿಂದ 172.31 ರವರೆಗೆ ಒಂದೊಂದು ನೆಟ್‌ವರ್ಕಿಗೆ ಒಂದೊಂದು ಭಾಗ ಹಿಡಿಯುತ್ತಾ ಹೋಗುತ್ತದೆ, ಅದು ತೀರಿದರೆ 192.168 ಕ್ಕೆ ಕೈ ಹಾಕುತ್ತದೆ. ಪ್ರತಿ ಕಂಪೋಸ್ ಪ್ರಾಜೆಕ್ಟೂ ಒಂದು ಹಿಡಿಯುತ್ತದೆ. ನಿಮ್ಮ ಕಾಲೇಜಿನ ಸರ್ವರ್ 172.20 ರಲ್ಲಿದ್ದರೆ, ನಿಮ್ಮ ಹೊಸ ಪ್ರಾಜೆಕ್ಟಿಗೂ ಅದೇ ಸಿಕ್ಕಿದ್ದರೆ, ಆ ಸರ್ವರಿಗೆ ಹೊರಟ ಪ್ಯಾಕೆಟ್ ನಿಮ್ಮ ಲ್ಯಾಪ್‌ಟಾಪಿನ ಬ್ರಿಡ್ಜಿಗೇ ಹೋಗಿ ಸಾಯುತ್ತದೆ. ಹೋಸ್ಟಿನಲ್ಲೂ ಸಿಗುವುದಿಲ್ಲ ಎಂಬುದೇ ಗುರುತು. ‘ಐಪಿ ರೂಟ್ ಗೆಟ್’ ಬರೆದು ಮುಂದೆ ಸರ್ವರ್ ನಂಬರ್ ಕೊಟ್ಟರೆ ಯಾವ ಇಂಟರ್‌ಫೇಸ್ ಕಡೆ ತಿರುಗುತ್ತಿದೆ ಎಂದು ನೇರ ಹೇಳುತ್ತದೆ. ಡೀಮನ್.ಜೇಸನ್‌ನ ‘ಡೀಫಾಲ್ಟ್-ಅಡ್ರೆಸ್-ಪೂಲ್ಸ್’ನಲ್ಲಿ ಯಾರೂ ಬಳಸದ ಭಾಗ ಕೊಡಿ, ಉದಾಹರಣೆಗೆ 10.210.0.0/16, ಸೈಜ್ 24. ಹಳೆಯ ನೆಟ್‌ವರ್ಕ್‌ಗಳನ್ನು ಅಳಿಸಿ ಮತ್ತೆ ಮಾಡಿದರೇ ಹೊಸ ನಂಬರ್ ಬರುತ್ತದೆ.

‘ಡಿಗ್’ ಉತ್ತರ ಕೊಡ್ತೈತಿ, ಪ್ರೋಗ್ರಾಂ ಮಾತ್ರ ಹೆಸರು ಸಿಗಲಿಲ್ಲ ಅಂತೈತಿ.

ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಪ್ರೋಗ್ರಾಂಗಳು ‘ಎನ್‌ಎಸ್‌ಸ್ವಿಚ್.ಕಾನ್ಫ್’ ಹೇಳಿದ ಕ್ರಮದಲ್ಲಿ ಮೊದಲು ‘/ಇಟಿಸಿ/ಹೋಸ್ಟ್ಸ್’, ಆಮೇಲೆ ಡಿಎನ್‌ಎಸ್ ನೋಡುತ್ತವೆ. ಹೋಸ್ಟ್ಸ್ ಕಡತದಲ್ಲಿ ಹಳೇ ನಂಬರ್ ಕೂತಿದ್ದರೆ ಡಿಗ್‌ಗೆ ಅದು ಕಾಣುವುದೇ ಇಲ್ಲ. ಪ್ರೋಗ್ರಾಂ ಕಣ್ಣಿನಿಂದ ನೋಡಲು ‘ಗೆಟೆಂಟ್’ ಬಳಸಿ.

ಉತ್ತರ ದೊಡ್ಡದಾಗಿ ಯುಡಿಪಿಯಲ್ಲಿ ಹಿಡಿಸದಿದ್ದರೆ ಟಿಸಿಪಿಯಲ್ಲಿ ಮತ್ತೆ ಕೇಳಬೇಕು. ಆಲ್ಪೈನ್‌ನ ಮಸಲ್‌ಗೆ ಈ ಶಕ್ತಿ ಬಂದದ್ದು 2023 ರ 1.2.4 ಆವೃತ್ತಿಯಲ್ಲಿ, ಅಂದರೆ ಆಲ್ಪೈನ್ 3.18 ರಲ್ಲಿ. ಅದಕ್ಕಿಂತ ಹಳೆಯ ಇಮೇಜ್ ಇದ್ದರೆ ಮೊದಲು ಅದನ್ನು ಬದಲಿಸಿ.

ಹೆಸರು ಸಿಗ್ತೈತಿ, ಆದ್ರ ಪ್ರತಿ ಸಲ 5 ಸೆಕೆಂಡ್ ತಡ.

5 ಸೆಕೆಂಡ್ ಎಂಬುದೇ ಸುಳಿವು. ರಿಸಾಲ್ವರ್ ಒಂದು ಸರ್ವರಿಗಾಗಿ ಕಾಯುವ ಡೀಫಾಲ್ಟ್ ಹೊತ್ತು ಅಷ್ಟೇ. ಪಟ್ಟಿಯ ಮೊದಲ ಸರ್ವರ್ ಸತ್ತಿದೆ, ಎರಡನೆಯದು ಉತ್ತರ ಕೊಡುತ್ತಿದೆ. ಸತ್ತದ್ದನ್ನು ತೆಗೆಯಿರಿ. ಜಿಲಿಬ್‌ಸಿ ಮೂರಕ್ಕಿಂತ ಹೆಚ್ಚು ಸರ್ವರ್ ನೋಡುವುದೂ ಇಲ್ಲ.

ಕುಬರ್ನೆಟೀಸ್ (ಬಹಳ ಕಂಟೇನರ್‌ಗಳನ್ನು ಹಲವು ಮಷಿನ್‌ಗಳಲ್ಲಿ ನಿಭಾಯಿಸುವ ವ್ಯವಸ್ಥೆ) ಬಳಸುವವರಿಗೆ ಇನ್ನೆರಡು ಕಾರಣ. ಅಲ್ಲಿ ‘ಎನ್‌ಡಾಟ್ಸ್’ 5 ಇರುವುದರಿಂದ ಐದಕ್ಕಿಂತ ಕಡಿಮೆ ಚುಕ್ಕಿ ಇರುವ ಹೆಸರಿಗೆ ಮೊದಲು ಸರ್ಚ್ ಡೊಮೇನ್‌ಗಳನ್ನೆಲ್ಲ ಹಚ್ಚಿ ಕೇಳುತ್ತದೆ. ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟರೆ ಆ ಸುತ್ತು ತಪ್ಪುತ್ತದೆ. ಇನ್ನೊಂದು, ಐಪಿವಿ4 ಮತ್ತು ಐಪಿವಿ6 ಪ್ರಶ್ನೆಗಳು ಒಂದೇ ಸಾಕೆಟ್‌ನಿಂದ ಒಟ್ಟಿಗೆ ಹೊರಟು ಕನೆಕ್ಷನ್ ಟ್ರ್ಯಾಕಿಂಗ್‌ನಲ್ಲಿ ಡಿಕ್ಕಿಯಾಗಿ ಒಂದು ಬಿದ್ದುಹೋಗುವುದು. ಜಿಲಿಬ್‌ಸಿಯಲ್ಲಿ ‘ಸಿಂಗಲ್-ರಿಕ್ವೆಸ್ಟ್-ರೀಓಪನ್’ ಆಪ್ಷನ್ ಅದಕ್ಕೆ ಮದ್ದು.

ಕರೆಂಟ್ ಹೋಗಿ ಬಂದ ಮ್ಯಾಲೆ ಕಂಟೇನರ್ ಶುರು ಆಗ್ತಾವು, ಹೆಸರು ಸಿಗೂದಿಲ್ಲ. ಕೈಲೆ ರೀಸ್ಟಾರ್ಟ್ ಮಾಡಿದ್ರ ಸರಿ.

ಹೋಸ್ಟಿನ ಡಿಎನ್‌ಎಸ್ ಪಟ್ಟಿಯನ್ನು ಡಾಕರ್ ಓದುವುದು ಕಂಟೇನರ್ ಶುರುವಾಗುವ ಹೊತ್ತಿಗೆ. ರೂಟರ್ ಎದ್ದು ನಿಲ್ಲುವ ಮೊದಲೇ ಸರ್ವರ್ ಬೂಟ್ ಆದರೆ ಆ ಹೊತ್ತಿಗೆ ಪಟ್ಟಿ ಖಾಲಿ. ವೈಫೈನಿಂದ ಹಾಟ್‌ಸ್ಪಾಟ್‌ಗೆ ಹೋದಾಗಲೂ ಇದೇ: ಓಡುತ್ತಿರುವ ಕಂಟೇನರ್ ಹಳೇ ಸರ್ವರನ್ನೇ ಕೇಳುತ್ತಿರುತ್ತದೆ. ಫ್ಯಾಕ್ಟರಿ ಸರ್ವರ್ ಆದರೆ ಡೀಮನ್.ಜೇಸನ್‌ನಲ್ಲಿ ಆಫೀಸ್ ಡಿಎನ್‌ಎಸ್ ಬರೆದಿಡಿ, ಡಾಕರ್ ಸರ್ವಿಸ್ ‘ನೆಟ್‌ವರ್ಕ್-ಆನ್‌ಲೈನ್’ ಟಾರ್ಗೆಟ್‌ಗೆ ಕಾಯುತ್ತದೆಯೇ ನೋಡಿ. ರೂಟರನ್ನೂ ಯುಪಿಎಸ್ ಮೇಲೆ ಹಾಕಿ. ಬಹಳ ಕಡೆ ಸರ್ವರಿಗೆ ಮಾತ್ರ ಬ್ಯಾಕಪ್ ಇರುತ್ತದೆ, ರೂಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ.

ಇಮೇಜ್‌ದಾಗ ಪಿಂಗೂ ಇಲ್ಲ, ಡಿಗ್ಗೂ ಇಲ್ಲ. ಹೆಂಗ್ ನೋಡೂದು?

ಹೋಸ್ಟಿನ ಸಲಕರಣೆಗಳನ್ನೇ ಕಂಟೇನರಿನ ನೆಟ್‌ವರ್ಕ್ ಒಳಗೆ ಓಡಿಸಬಹುದು. ‘ಡಾಕರ್ ಇನ್‌ಸ್ಪೆಕ್ಟ್’ನಿಂದ ಕಂಟೇನರಿನ ಪಿಐಡಿ (ಪ್ರೋಸೆಸ್ ನಂಬರ್) ತೆಗೆದುಕೊಳ್ಳಿ, ‘ಸುಡೊ ಎನ್‌ಎಸ್‌ಎಂಟರ್ -ಟಿ’ ಮುಂದೆ ಆ ಪಿಐಡಿ, ಆಮೇಲೆ ‘-ಎನ್’, ಆಮೇಲೆ ನಿಮಗೆ ಬೇಕಾದ ಕಮಾಂಡ್. ‘ಐಪಿ ರೂಟ್’, ‘ಎಸ್‌ಎಸ್ -ಟಿಎಲ್‌ಎನ್‌ಪಿ’, ‘ಟಿಸಿಪಿಡಂಪ್’ ಎಲ್ಲವೂ ನಡೆಯುತ್ತವೆ.

ಒಂದು ಎಚ್ಚರ ಬೇಕು. ‘-ಎನ್’ ನೆಟ್‌ವರ್ಕನ್ನು ಮಾತ್ರ ಬದಲಿಸುತ್ತದೆ, ಕಡತಗಳು ಹೋಸ್ಟಿನವೇ. ಹೀಗೆ ಡಿಗ್ ಓಡಿಸಿದರೆ ಅದು ಹೋಸ್ಟಿನ ರಿಸಾಲ್ವ್.ಕಾನ್ಫ್ ಓದುತ್ತದೆ, ಉತ್ತರ ನೋಡಿ ನೀವು ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಸರ್ವರ್ ನಂಬರನ್ನು ನೀವೇ ಹೇಳಿ: ‘ಡಿಗ್ @127.0.0.11’ ಎಂದು.

ಪ್ಯಾಕೆಟ್ ಎಲ್ಲಿ ನಿಂತಿತು ಎಂದು ಕಣ್ಣಾರೆ ನೋಡಲು ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ‘ಟಿಸಿಪಿಡಂಪ್ -ಎನ್ -ಐ ಡಾಕರ್0 ಪೋರ್ಟ್ 53’, ಇನ್ನೊಂದರಲ್ಲಿ ಅದೇ ಕಮಾಂಡ್ ವೈಫೈ ಇಂಟರ್‌ಫೇಸಿನ ಮೇಲೆ. ಈಗ ಕಂಟೇನರಿನಿಂದ ಒಂದು ಹೆಸರು ಕೇಳಿಸಿ. ಬ್ರಿಡ್ಜಿನ ಮೇಲೆ ಪ್ರಶ್ನೆ ಕಂಡು ವೈಫೈ ಮೇಲೆ ಕಾಣದಿದ್ದರೆ ನಿಮ್ಮದೇ ಹೋಸ್ಟ್ ತಡೆದಿದೆ: ಫಾರ್ವರ್ಡಿಂಗ್ ಅಥವಾ ಫೈರ್‌ವಾಲ್. ವೈಫೈ ಮೇಲೆ ಪ್ರಶ್ನೆ ಹೊರಟಿದೆ, ಉತ್ತರ ಬರಲಿಲ್ಲ ಎಂದರೆ ತಡೆ ಹೊರಗಿದೆ, ಆದರೆ ಅದಕ್ಕೆ ಮುಂಚೆ ಮೂಲ ಅಡ್ರೆಸ್ ನೋಡಿ. ಅದು ಇನ್ನೂ 172.17 ಎಂದೇ ಇದ್ದರೆ ಎನ್‌ಎಟಿ ನಿಯಮ ಇಲ್ಲ, ಉತ್ತರಕ್ಕೆ ವಾಪಸ್ ದಾರಿಯೇ ಇಲ್ಲ. ವೈಫೈ ಮೇಲೆ ಉತ್ತರ ಬಂದು ಬ್ರಿಡ್ಜಿಗೆ ಬರದಿದ್ದರೆ ಮತ್ತೆ ನಿಮ್ಮ ಫೈರ್‌ವಾಲ್. ಗಂಟೆಗಟ್ಟಲೆ ಊಹೆ ಮಾಡುವ ಬದಲು ಈ ಎರಡು ಕಿಟಕಿ ನೋಡುವುದನ್ನು ನನ್ನ ಹತ್ತಿರ ಕಲಿಯಲು ಬರುವ ಪ್ರತಿಯೊಬ್ಬರಿಗೂ ಮೊದಲ ವಾರದಲ್ಲೇ ಹೇಳಿಕೊಡುತ್ತೇನೆ.

ಪೋರ್ಟ್ ಪಬ್ಲಿಷ್ ಮಾಡೀನಿ, ಬ್ರೌಸರ್‌ದಾಗ ತೆರೆಯವಲ್ದು.

ಒಳಗಿನ ಪ್ರೋಗ್ರಾಂ 127.0.0.1 ರಲ್ಲಿ ಕೇಳುತ್ತಿದ್ದರೆ ಹೊರಗಿನಿಂದ ಯಾರೂ ಮುಟ್ಟಲಾರರು. ಅದನ್ನು 0.0.0.0 ಗೆ ಬದಲಿಸಿ. ಇದರ ಉಲ್ಟಾ ಅಪಾಯವೂ ಇದೆ: ಡಾಕರ್ ಪಬ್ಲಿಷ್ ಮಾಡಿದ ಪೋರ್ಟನ್ನು ಯುಎಫ್‌ಡಬ್ಲ್ಯೂ ತಡೆಯುವುದಿಲ್ಲ. ‘ಯುಎಫ್‌ಡಬ್ಲ್ಯೂ ಡಿನೈ’ ಹಾಕಿದ್ದೇನೆ ಎಂದು ನೆಮ್ಮದಿಯಿಂದ ಇರಬೇಡಿ. ಡೇಟಾಬೇಸ್ ಪೋರ್ಟ್ ಬೇಕೇ ಆದರೆ ‘127.0.0.1:5432:5432’ ಎಂದು ಪಬ್ಲಿಷ್ ಮಾಡಿ.

ರೂಟ್ ಇಲ್ಲದ ಪಾಡ್‌ಮನ್ ಬಳಸ್ತೀನಿ. ಅದಕ್ಕೂ ಇದೇ ಏನ್ರಿ?

ಪೂರ್ತಿ ಇದೇ ಅಲ್ಲ. ಅಲ್ಲಿ ನೆಟ್‌ವರ್ಕ್ ಬಳಕೆದಾರನ ಮಟ್ಟದಲ್ಲೇ ನಡೆಯುತ್ತದೆ: ಮೊದಲು ‘ಸ್ಲರ್ಪ್4ನೆಟ್‌ಎನ್‌ಎಸ್’, 2024 ರ ಪಾಡ್‌ಮನ್ 5.0 ಯಿಂದ ‘ಪಾಸ್ಟಾ’. ಹಳೆಯದರಲ್ಲಿ ಡಿಎನ್‌ಎಸ್ 10.0.2.3 ಆಗಿ ಕಾಣುತ್ತದೆ, ಅದು ಸರಿಯೇ. 1024 ಕ್ಕಿಂತ ಕೆಳಗಿನ ಪೋರ್ಟ್ ಸಾಮಾನ್ಯವಾಗಿ ಸಿಗುವುದಿಲ್ಲ. ಹೆಸರಿನಿಂದ ಮಾತಾಡಬೇಕಾದರೆ ಇಲ್ಲೂ ನಿಮ್ಮದೇ ನೆಟ್‌ವರ್ಕ್ ಮಾಡಬೇಕು.

ಯಾರಿಗರ ಕೇಳ್ಬೇಕಂದ್ರ ಏನೇನ್ ಕಳಿಸ್ಲಿ?

ಫೋಟೋ ಬೇಡ, ಟೆಕ್ಸ್ಟ್ ಕಳಿಸಿ. ಎರರ್‌ನ ಪೂರ್ತಿ ಸಾಲು. ಕಂಟೇನರ್ ಒಳಗಿನ ಮತ್ತು ಹೋಸ್ಟಿನ ‘ಐಪಿ ಅಡ್ರ್’, ‘ಐಪಿ ರೂಟ್’, ರಿಸಾಲ್ವ್.ಕಾನ್ಫ್, ಎರಡೂ ಕಡೆಯವು. ‘ಡಾಕರ್ ನೆಟ್‌ವರ್ಕ್ ಇನ್‌ಸ್ಪೆಕ್ಟ್’. ಇಮೇಜಿನ ಹೆಸರು ಮತ್ತು ಆವೃತ್ತಿ. ಯಾವ ನೆಟ್‌ವರ್ಕಿನಲ್ಲಿ ನಡೆಯುತ್ತದೆ, ಯಾವುದರಲ್ಲಿ ಇಲ್ಲ. ಕೊನೆಯದಾಗಿ, ಈಗಾಗಲೇ ಏನೇನು ಬದಲಿಸಿದ್ದೀರಿ ಎಂಬುದು, ಒಂದನ್ನೂ ಬಿಡದೆ. ಪಾಸ್‌ವರ್ಡ್, ಟೋಕನ್ ಇರುವ ಸಾಲುಗಳನ್ನು ತೆಗೆದು ಕಳಿಸಿ.